ಹಸಿರು ಬೆನ್ನಿನ ಮೀನು

ಅವನ ಹೆಂಡತಿ ತೀರಿಕೊಂಡದ್ದು ಹಿಂದಿನ ಕೋಣೆಯಲ್ಲಿ. ಮುಂದಿನ ಕೋಣೆಯಲ್ಲಿ ಮೀನುಗಳಿದ್ದವು.

ಆ ಮನೆಯಲ್ಲಿ ಬಿಸಿಲು ಬೀಳುತ್ತಿದ್ದುದು ಮುಂದಿನ ಕೋಣೆಗೆ ಮಾತ್ರ. ಬೆಳಗ್ಗೆ ಎಂಟು ಗಂಟೆಗೆ ಎರಡು ಕಿಟಕಿಗಳಿಂದ ಒಳಗೆ ಬಂದ ಬಿಸಿಲು ಮಧ್ಯಾಹ್ನದವರೆಗೂ ಅಲ್ಲಿಯೇ ಇರುತ್ತಿತ್ತು. ಮೊದಲು ಗೋಡೆಯ ಮೇಲೆ, ಆಮೇಲೆ ಮೇಜಿನ ಮೇಲೆ, ಕೊನೆಗೆ ನೆಲದ ಮೇಲೆ. ಹಿಂದಿನ ಕೋಣೆಗೂ ಬಚ್ಚಲಿಗೂ ಒಂದೇ ಗೋಡೆ. ಅದರ ಸುಣ್ಣ ಸಿಪ್ಪೆಯಂತೆ ಎದ್ದು ಉದುರುತ್ತಿತ್ತು. ಮೂಲೆಯಲ್ಲಿ ಕಪ್ಪು ಬೂಷ್ಟು ಹರಡಿಕೊಂಡಿತ್ತು. ಒಗೆದ ಬಟ್ಟೆ ಮೂರು ದಿನ ಕಳೆದರೂ ಮುಟ್ಟಿದರೆ ತಣ್ಣಗಿರುತ್ತಿತ್ತು. ಎದೆಯ ರೋಗದ ಹೆಂಗಸು ಆ ಕೋಣೆಯಲ್ಲಿ ಹದಿನಾಲ್ಕು ತಿಂಗಳು ಮಲಗಿದಳು.

ಡಾಕ್ಟರು ಹೇಳಿದ್ದು ದೊಡ್ಡ ಮಾತೇನಲ್ಲ. "ಔಷಧಿ ನಾನು ಕೊಡ್ತೀನಿ. ಬಿಸಿಲು, ಒಣಗಾಳಿ ನೀವು ಕೊಡಬೇಕು. ಮಂಚ ಆ ಮುಂದಿನ ಕೋಣೆಗೆ ಹಾಕಿಬಿಡಿ."

ಅವನು ಆ ದಿನವೇ ಅಣ್ಣನನ್ನು ಕೇಳಿದ. ಮನೆಗೆ ಹಿರಿಯ ಅಣ್ಣ, ಮದುವೆಯಾಗದವನು, ಮುಂದಿನ ಕೋಣೆ ಅಪ್ಪನ ಕಾಲದಿಂದಲೂ ಅವನದು. ಅಣ್ಣ ಕೈಯಲ್ಲಿ ಮೆತ್ತನೆಯ ಕುಂಚ ಹಿಡಿದು ಒಂದು ಚಿತ್ರದ ಧೂಳು ಒರೆಸುತ್ತಿದ್ದ. ಕುಂಚ ನಿಲ್ಲಿಸದೆಯೇ ಹೇಳಿದ: "ಇವನ್ನೆಲ್ಲ ಎಲ್ಲಿಡಲಿ ಹೇಳು? ಹಿಂದಿನ ಕೋಣೇಲಿಟ್ಟರೆ ಒಂದೇ ತಿಂಗಳಿಗೆ ಬೂಷ್ಟು ಹಿಡಿಯುತ್ತೆ. ಸ್ವಲ್ಪ ದಿನ ನೋಡೋಣ ಕಣೋ."

ಸ್ವಲ್ಪ ದಿನ ನೋಡಿದರು. ಆ ಸ್ವಲ್ಪ ದಿನದಲ್ಲಿಯೇ ಅವಳು ಹೋದಳು.

ಅವನು ಎರಡನೆಯ ಸಲ ಕೇಳಿರಲಿಲ್ಲ. ಅಣ್ಣನ ಎದುರು ಗಟ್ಟಿಯಾಗಿ ಮಾತಾಡುವುದು ಅವನಿಗೆ ಚಿಕ್ಕಂದಿನಿಂದಲೂ ಆಗದು. ಆದರೆ ತೀರಿಹೋದವಳನ್ನು ನೆನೆಯುವಾಗ ಈ ಎರಡನೆಯ ಸಲದ ವಿಷಯ ಅವನ ಮನಸ್ಸಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಬಿಸಿಲಿನಲ್ಲಿ ಸುಖವಾಗಿ ತೂಗುತ್ತಿದ್ದ ಮೀನುಗಳು.

ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ. ನಿವೃತ್ತನಾಗಿ ಎಂಟು ವರ್ಷವಾಗಿತ್ತು. ಬೀದಿಯವರು ಅವನನ್ನು ಮೀನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಎದುರಿಗೇ ಕರೆದರೂ ಬೇಸರವಿಲ್ಲ. ಹಿಂದಿನ ಕಾಲದಲ್ಲಿ, ಕ್ಯಾಮೆರಾ ಹುಟ್ಟುವುದಕ್ಕೆ ಮೊದಲು, ಹಡಗುಗಳಲ್ಲಿ ದೇಶ ಸುತ್ತುವವರು ಕಂಡ ಮೀನುಗಳನ್ನೆಲ್ಲ ಬರೆಸಿ ಪುಸ್ತಕ ಮಾಡುತ್ತಿದ್ದರಂತೆ. ಅಂಥ ಪುಸ್ತಕಗಳ ಚಿತ್ರಗಳನ್ನು ಅವನು ಇಪ್ಪತ್ತು ವರ್ಷದಿಂದ ಕೂಡಿಹಾಕಿದ್ದ. ಎಲ್ಲೆಲ್ಲಿಂದಲೋ ಅಂಚೆಯಲ್ಲಿ ಉದ್ದನೆಯ ರಟ್ಟಿನ ಕೊಳವೆಗಳು ಬರುತ್ತಿದ್ದವು. ಕೊಳವೆ ಬಂದ ದಿನ ಅಣ್ಣನಿಗೆ ಊಟ ನೆನಪಿರುತ್ತಿರಲಿಲ್ಲ. ಗೋಡೆಯ ತುಂಬ ಮೀನು, ಕಪಾಟಿನ ಪೆಟ್ಟಿಗೆಗಳಲ್ಲಿ ಮೀನು. ಹಂದಿಯ ಮೂತಿಯದು, ಮುಳ್ಳುಚೆಂಡಿನಂಥದು, ಮುದುಕನ ಮುಖದಂತೆ ಹುಬ್ಬು ಗಂಟಿಕ್ಕಿಕೊಂಡದ್ದು. ಹೆಚ್ಚುಕಡಿಮೆ ಎಲ್ಲವೂ ಎಡಕ್ಕೆ ಮುಖ ಮಾಡಿದ್ದವು. ಬಾಗಿಲಲ್ಲಿ ನಿಂತರೆ ಇಡೀ ಗೋಡೆ ಒಂದೇ ದಿಕ್ಕಿಗೆ ಹೊರಟಂತೆ ಕಾಣುತ್ತಿತ್ತು.

ಯಾರಾದರೂ ಬಂದರೆ ಅಣ್ಣನ ಮಾತು ಶುರುವಾಗುತ್ತಿತ್ತು. "ಇನ್ನೂರು ವರ್ಷದ ಹಿಂದೆ ಬರೆದದ್ದು ನೋಡಿ. ಮೀನು ನೀರಿನಿಂದ ಆಚೆ ಬಂದ ಗಳಿಗೆಯಿಂದ ಬಣ್ಣ ಬಿಡೋಕೆ ಶುರು ಮಾಡುತ್ತೆ. ಅದು ಸಾಯೋದರೊಳಗೆ ಬರೆಯೋನು ಬಣ್ಣ ಕಲಸಬೇಕು. ಎಂಥಾ ಓಟ!"

ಒಂದು ವರ್ಷ ಮಾಡು ಸೋರಿ ಗೋಡೆಯ ಮೇಲಿನ ಎರಡು ಚಿತ್ರಗಳು ಹಾಳಾದವು. ತಿಂಗಳು ಕಳೆಯುವುದರೊಳಗೆ ಅವೇ ಎರಡು ಮೀನುಗಳು, ಅವೇ ಚುಕ್ಕೆ, ಅವೇ ರೆಕ್ಕೆ, ಮತ್ತೆ ಗೋಡೆಗೆ ಬಂದವು. ಎಷ್ಟು ಸುರಿದನೋ, ಯಾರ ಕಾಲು ಹಿಡಿದನೋ ಎಂದು ತಮ್ಮ ಹಲ್ಲು ಕಚ್ಚಿದ್ದ. ಹೆಂಡತಿ ಸತ್ತ ಮೇಲಂತೂ ಅವನು ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟ. ಏನಾದರೂ ಹೇಳುವುದಿದ್ದರೆ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದ. ಅವಳು ಬದುಕಿದ್ದಾಗ, ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಕೆಲವು ಬೆಳಗ್ಗೆ ಅಲ್ಲಿ ಹೋಗಿ ಕುಳಿತಿರುತ್ತಿದ್ದಳಂತೆ. "ಇವತ್ತು ಭಾವ ಒಂದು ಮೀನು ತೋರಿಸಿದ್ರು, ಬೆನ್ನೆಲ್ಲಾ ಹಸಿರು, ಭೂತಗನ್ನಡಿ ಹಿಡಿದು ನೋಡಿದರೆ ಏನು ಚೆಂದ ಗೊತ್ತಾ..." ಎಂದು ಒಂದು ದಿನ ಹೇಳಹೊರಟಾಗ ಅವನು ತಡೆದಿದ್ದ. "ಆ ಮಾತು ನನ್ನ ಮುಂದೆ ಬೇಡ."

ಅವನು ಮೂವತ್ತೈದು ವರ್ಷ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದವನು. ಸೀಸೆಗಳಿಗೆ ಚೀಟಿ ಅಂಟಿಸುವುದು, ಪುಡಿಗಳನ್ನು ತೂಗುವುದು, ಒಡೆದದ್ದನ್ನು ಗುಡಿಸುವುದು. ಪಾಠ ಮಾಡುವವರು ತಪ್ಪು ಮಾಡಿದ್ದುಂಟು, ಅವನ ಕೈ ತಪ್ಪಿದ್ದಿಲ್ಲ. ಪ್ರಯೋಗಶಾಲೆ ಮುಚ್ಚಿದ ದಿನ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿದ. ಯಾವ ಪಟ್ಟಿಯಲ್ಲಿಯೂ ಇಲ್ಲದ ಒಂದು ಹಳೆಯ ಸೀಸೆ ಕಪಾಟಿನ ಹಿಂದೆ ಸಿಕ್ಕಿತ್ತು. ಅದರಲ್ಲಿ ಅರ್ಧಕ್ಕೆ ಪಾಷಾಣದ ಬಿಳಿಯ ಪುಡಿ. ಅಂಥದನ್ನು ಎಸೆಯುವುದು ಹೇಗೆಂದು ತಿಳಿಯದೆ ಮನೆಗೆ ತಂದು, ಹಳೆಯ ಟ್ರಂಕಿನ ತಳದಲ್ಲಿ ಇಟ್ಟು, ಮರೆತಿದ್ದ. ಮರೆತಿದ್ದೆ ಎಂದು ಅಂದುಕೊಂಡಿದ್ದ.

ಹೆಂಡತಿ ಸತ್ತು ವರ್ಷವಾದ ಮೇಲೆ ಒಂದು ದಿನ, ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಓದಿದ. ಯಾವುದೋ ಗ್ರಂಥಾಲಯದಲ್ಲಿ ಹಸಿರು ರಟ್ಟಿನ ಹಳೆಯ ಪುಸ್ತಕಗಳನ್ನು ಬೇರೆ ತೆಗೆದು ಬೀಗ ಹಾಕಿದ್ದಾರೆ. ಆ ಕಾಲದ ಹಸಿರು ಬಣ್ಣವನ್ನು ಪಾಷಾಣದಿಂದ ಮಾಡುತ್ತಿದ್ದರು. ಬಟ್ಟೆಗೆ, ಗೋಡೆಗೆ, ಚಿತ್ರಕ್ಕೆ, ಎಲ್ಲಕ್ಕೂ ಅದೇ ಹಸಿರು. ಕೈಗೆ ಹತ್ತಿದರೆ, ಧೂಳಾಗಿ ಒಳಗೆ ಹೋದರೆ ಅಪಾಯ. ರಸಾಯನಶಾಸ್ತ್ರದ ಮೇಷ್ಟರೊಬ್ಬರು ಬಹಳ ಹಿಂದೆ ಇದನ್ನೇ ತರಗತಿಯಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು. ಅವನು ಪತ್ರಿಕೆಯನ್ನು ಮಡಿಸಿ ತಲೆಯೆತ್ತಿದ. ಎದುರಿಗೆ, ತೆರೆದ ಬಾಗಿಲಾಚೆ, ಬಿಸಿಲಿನಲ್ಲಿ, ಹಸಿರು ಬೆನ್ನಿನ ಮೀನು ಹೊಳೆಯುತ್ತಿತ್ತು.

ಅವನಿಗೆ ಎಲ್ಲವೂ ಒಂದೇ ಸಲಕ್ಕೆ ಕಂಡಿತು. ವಿಷ ಹಾಕುವವರೆಲ್ಲ ಸಿಕ್ಕಿಬೀಳುವುದು ವಿಷವನ್ನು ಬಚ್ಚಿಡಲು ಹೋಗಿ. ಅವನು ಬಚ್ಚಿಡುವುದೇ ಇಲ್ಲ. ಅಣ್ಣನ ಹೊಟ್ಟೆಯಲ್ಲಿ ಪಾಷಾಣ ಸಿಗಬೇಕು. ಸಿಕ್ಕಿದಾಗ ಎಲ್ಲರೂ ಗೋಡೆಯ ಕಡೆ ನೋಡಬೇಕು. ಇಪ್ಪತ್ತು ವರ್ಷ ಆ ಧೂಳನ್ನು ಒರೆಸಿ, ಊದಿ, ಕೈ ತೊಳೆಯದೆ ಬ್ರೆಡ್ಡು ಮುರಿದು ತಿಂದವನು ಬೇರೆ ಹೇಗೆ ಸಾಯುತ್ತಾನೆ? ಬಣ್ಣಕ್ಕೆ ತಾನು ಏನನ್ನೂ ಸವರುವುದು ಬೇಡ ಎಂದು ಅವನು ಆಗಲೇ ತೀರ್ಮಾನಿಸಿದ. ಸುಳ್ಳು ಸಾಕ್ಷಿಯನ್ನು ಹೊಂದಿಸುವವನ ಬೆರಳಿನ ಗುರುತು ಅದರ ಮೇಲೆ ಉಳಿಯುತ್ತದೆ. ಇಲ್ಲಿ ನಿಜವಾದ ಸಾಕ್ಷಿಯೇ ಚೌಕಟ್ಟು ಹಾಕಿಕೊಂಡು ತಾನಾಗಿ ತೂಗುತ್ತಿದೆ. ಮುಟ್ಟದಿರುವುದೇ ಜಾಣತನ.

ಇದರಲ್ಲಿ ಅವನಿಗೆ ಬೇಕಾಗಿದ್ದದ್ದು ಅಣ್ಣನ ಸಾವಷ್ಟೇ ಅಲ್ಲ. ಸಾವು ಹೇಗೂ ಒಂದು ದಿನ ಬರುತ್ತಿತ್ತು. ತನ್ನ ಹೆಂಡತಿಯ ಜಾಗ ಕಸಿದುಕೊಂಡ ಮೀನುಗಳು ಕೊಲೆಗಾರರೆಂದು ನಾಲ್ಕು ಜನರ ಮುಂದೆ ತೀರ್ಮಾನವಾಗಬೇಕು. ಅವುಗಳನ್ನು ಕೈಗವಸು ಹಾಕಿಕೊಂಡು ಕೆಳಗಿಳಿಸಿ, ಮುಖ ಮುಚ್ಚಿ ಹೊತ್ತೊಯ್ಯಬೇಕು. ಆಮೇಲೆ ಆ ಕೋಣೆಗೆ ಸುಣ್ಣ ಹೊಡೆಸಿ, ಅವಳ ಮಂಚವನ್ನು ಕಿಟಕಿಯ ಕೆಳಗೆ ಹಾಕಬೇಕು. ಅಷ್ಟು ದಿನದ ಮೇಲೆ, ಖಾಲಿ ಮಂಚದ ಮೇಲಾದರೂ, ಬಿಸಿಲು ಬೀಳಬೇಕು.

ಮೊದಲು ಮಾತು ಬಿತ್ತಿದ. ಪತ್ರಿಕೆಯ ತುಂಡನ್ನು ಕತ್ತರಿಸಿಕೊಂಡು ಡಾಕ್ಟರ ಬಳಿ ಹೋದ. ತನ್ನ ಮಂಡಿನೋವಿನ ನೆಪ ಇತ್ತು. ಏಳುವಾಗ ತುಂಡನ್ನು ಮೇಜಿನ ಮೇಲಿಟ್ಟ.

"ಡಾಕ್ಟ್ರೇ, ನಮ್ಮಣ್ಣನ ಕತೆ ನಿಮಗೆ ಗೊತ್ತಲ್ಲ. ದಿನಾ ಆ ಹಳೇ ಬಣ್ಣದಲ್ಲೇ ಕೈಯಾಡಿಸ್ತಾನೆ. ನನಗೆ ಯಾಕೋ ಭಯ."

ಡಾಕ್ಟರು ಕನ್ನಡಕ ಏರಿಸಿ ಓದಿದರು. "ಹೌದೇನ್ರೀ? ನಾನು ಕೇಳೇ ಇರಲಿಲ್ಲ. ಕೈ ತೊಳಿಯೋಕೆ ಹೇಳಿ."

"ನನ್ನ ಮಾತು ಕೇಳ್ತಾನಾ? ನೀವೇ ಒಂದು ಸಲ ಹೇಳಿ."

ಆಮೇಲೆ ಬೀದಿಯ ತುದಿಯಲ್ಲಿದ್ದ ಚೌಕಟ್ಟಿನವನ ಅಂಗಡಿ. ಅಣ್ಣನ ಚಿತ್ರಗಳಿಗೆಲ್ಲ ಗಾಜು, ಅಂಚು, ಮರ ಕೂರಿಸಿದವನು ಅವನೇ. ಗಾಜು ಕೊಯ್ಯುತ್ತ, ಬಾಯಿತುಂಬ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಮಾತಾಡುವುದು ಅವನ ಪದ್ಧತಿ.

"ಹುಷಾರಪ್ಪಾ. ಆ ಚಿತ್ರಗಳ ಬಣ್ಣದಲ್ಲಿ ವಿಷ ಇದೆ. ಬರಿಗೈಯಲ್ಲಿ ಮುಟ್ಟಬೇಡ."

ಚೌಕಟ್ಟಿನವನು ಮೊಳೆಗಳನ್ನು ಅಂಗೈಗೆ ಉಗುಳಿ ಜೋರಾಗಿ ನಕ್ಕ. "ಒಳ್ಳೇ ತಮಾಷೆ ಮಾಡ್ತೀರಾ ಸಾರ್! ಮೇಷ್ಟ್ರ ಮೀನಲ್ಲಿ ವಿಷಾನಾ? ನನ್ನ ರಕ್ತ ಹೀರೋಕೆ ಈ ಗಾಜೊಂದೇ ಸಾಕು, ನೋಡಿ ಈ ಬೆರಳು."

ಮುಟ್ಠಾಳ, ಅಂದುಕೊಂಡ ಅವನು. ಇರಲಿ. ಹೇಳಿದ್ದು ಕಿವಿಗೆ ಬಿದ್ದರೆ ಸಾಕು.

ಕೊನೆಗೆ, ಪಕ್ಕದ ಮನೆಯಾಕೆ ಅಂಗಳದಲ್ಲಿ ಬಟ್ಟೆ ಹರವುತ್ತಿರುವ ಹೊತ್ತು ನೋಡಿ, ಅಣ್ಣನ ಹೊಸ್ತಿಲಲ್ಲಿ ನಿಂತು ದನಿಯೆತ್ತಿದ. ಜೀವನದಲ್ಲಿ ಅಣ್ಣನ ಎದುರು ಅವನು ದನಿಯೆತ್ತಿದ್ದು ಅದೇ ಮೊದಲು.

"ಅಣ್ಣಾ, ಎಷ್ಟು ಸಲ ಹೇಳಬೇಕು ನಿನಗೆ? ಆ ಹಸಿರಲ್ಲಿ ಪಾಷಾಣ ಇರುತ್ತೆ. ಕೈಯಾದರೂ ತೊಳ್ಕೊ!"

ಅಣ್ಣ ಭೂತಗನ್ನಡಿಯಿಂದ ತಲೆಯೆತ್ತಿ, ತಮ್ಮನ ಮುಖ ನೋಡಿ, ಮೆಲ್ಲಗೆ ನಗತೊಡಗಿದ. ವರ್ಷದಿಂದ ತನ್ನೊಡನೆ ನೆಟ್ಟಗೆ ಮಾತಾಡದ ತಮ್ಮ ತನ್ನ ಆರೋಗ್ಯದ ಬಗ್ಗೆ ಬೈಯುತ್ತಿದ್ದಾನೆ ಎಂಬುದೇ ಅವನಿಗೆ ಸಂತೋಷ. "ಈ ಮೀನುಗಳು ಯಾರನ್ನೂ ಕೊಲ್ಲಲ್ಲ ಕಣೋ. ಒಳಗೆ ಬಾ. ಈ ಗಾಜು ಹಿಡಿದು ಒಂದು ಸಲ ಹತ್ತಿರದಿಂದ ನೋಡು. ಇಪ್ಪತ್ತು ವರ್ಷ ಆಯ್ತು, ನೀನು ಒಂದನ್ನೂ ಸರಿಯಾಗಿ ನೋಡಿಲ್ಲ."

"ನನಗೆ ಬೇಡ," ಎಂದು ತಮ್ಮ ತಿರುಗಿದ. ಪಕ್ಕದ ಮನೆಯಾಕೆ ಬಟ್ಟೆ ಹರವುವುದನ್ನು ನಿಲ್ಲಿಸಿ ಕೇಳಿಸಿಕೊಂಡಿದ್ದಳು. ಕೆಲಸ ಮುಗಿದಿತ್ತು.

ಅಣ್ಣ ಬೆಳಗಿನ ತಿಂಡಿಯಾದ ಮೇಲೆ ಜೀರ್ಣಕ್ಕೆಂದು ಒಂದು ಕಹಿ ಔಷಧಿ ಕುಡಿಯುತ್ತಿದ್ದ. ಅದನ್ನು ಅಳೆದು ಕೊಡುವುದು ಯಾವಾಗಲೂ ತಮ್ಮನೇ. "ನಿನ್ನ ಕೈ ಅಳತೆ ತಪ್ಪಲ್ಲ," ಎನ್ನುತ್ತಿದ್ದ ಅಣ್ಣ, ಲೋಟ ತೆಗೆದುಕೊಳ್ಳುವಾಗ. ಈಗಲೂ ಅದನ್ನೇ ಹೇಳಿದ. ಅಳತೆ ತಪ್ಪಲಿಲ್ಲ. ಆತುರ ಪಡುವುದು ಬೇಡವೆಂದು ಅವನು ಮೊದಲೇ ನಿಶ್ಚಯಿಸಿದ್ದ. ಧೂಳಿನಿಂದ ಸಾಯುವವನು ಒಂದೇ ದಿನಕ್ಕೆ ಸಾಯಬಾರದು.

ಎರಡನೆಯ ವಾರದಲ್ಲಿ ಅಣ್ಣನಿಗೆ ಹೊಟ್ಟೆ ತೊಳಸುವುದು ಶುರುವಾಯಿತು. ಮೂರನೆಯ ವಾರ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದ. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ, ಹುಣ್ಣಿರಬಹುದು ಎಂದು ಹೇಳಿ, ಖಾರ ಬಿಡಲು ಹೇಳಿ ಹೋದರು. ಪತ್ರಿಕೆಯ ತುಂಡು ಅವರಿಗೆ ನೆನಪಾಗಲಿಲ್ಲ. ತಮ್ಮ ನೆನಪಿಸಲೂ ಇಲ್ಲ. ಎಲ್ಲಕ್ಕೂ ಹೊತ್ತು ಇದೆ.

ಅವನು ಶುಶ್ರೂಷೆ ಮಾಡಿದ. ಹೆಂಡತಿಗೆ ಮಾಡಿ ಅಭ್ಯಾಸವಾಗಿತ್ತು. ಬಟ್ಟಲು ಹಿಡಿದ, ಬಾಯಿ ಒರೆಸಿದ, ಹಾಸಿಗೆಯ ಬಟ್ಟೆ ಬದಲಿಸಿದ. ಪಕ್ಕದ ಮನೆಯಾಕೆ ಗಂಜಿ ತಂದುಕೊಟ್ಟು, "ಒಡಹುಟ್ಟಿದವರು ಅಂದರೆ ಹೀಗಿರಬೇಕು ನೋಡಿ," ಎಂದು ಕಣ್ಣೊರೆಸಿಕೊಂಡಳು. ಅವನ ಕಣ್ಣಲ್ಲೂ ನೀರು ಬಂತು. ಅದು ಸುಳ್ಳಿನ ನೀರೆಂದು ಹೇಳಲಾಗದು. ಮನುಷ್ಯನ ಒಳಗೆ ಎರಡು ಕೋಣೆಗಳಿದ್ದು, ಒಂದರಲ್ಲಿ ಕೂತವನಿಗೆ ಇನ್ನೊಂದರ ಸದ್ದು ಕೇಳದಿರುವುದುಂಟು.

ಒಂದು ಬೆಳಗ್ಗೆ ಅಣ್ಣ, "ನನ್ನ ಮಂಚ ಈ ಕಿಟಕಿ ಹತ್ತಿರ ಎಳೀತೀಯಾ? ಚಳಿ ಚಳಿ ಆಗುತ್ತೆ," ಎಂದ. ತಮ್ಮ ಎಳೆದ. ಶುಶ್ರೂಷೆಗೆಂದು ಬಾಗಿಲ ಪಕ್ಕದ ಮಂಚದವರೆಗೆ ಮಾತ್ರ ಹೋಗುತ್ತಿದ್ದ ಅವನು, ವರ್ಷದ ಮೇಲೆ ಮೊದಲ ಸಲ ಆ ಕೋಣೆಯ ಮಧ್ಯದಲ್ಲಿ ನಿಂತ. ಬಿಸಿಲು ಅಣ್ಣನ ಮೊಣಕಾಲಿನ ಮೇಲೆ ಬಿತ್ತು. ಪರದೆಯಿಲ್ಲದ ಕಿಟಕಿಗಳಿಂದ ಅದು ಗೋಡೆಯ ಮೀನುಗಳ ಮೇಲೂ ನೇರವಾಗಿ ಬೀಳುತ್ತಿತ್ತು. ಇಪ್ಪತ್ತು ವರ್ಷದಿಂದ ಹಾಗೆಯೇ ಬೀಳುತ್ತಿತ್ತು. ಅಣ್ಣ ಕಣ್ಣು ಮುಚ್ಚಿಕೊಂಡು ಆ ಕಾವನ್ನು ಅನುಭವಿಸಿದ.

"ಅವಳಿಗೆ ಇದನ್ನ ಕೊಡಬೇಕಿತ್ತು ಕಣೋ," ಎಂದ.

ತಮ್ಮ ಹೊದಿಕೆಯ ಅಂಚನ್ನು ಸರಿಪಡಿಸಿದ.

"ನೀನು ಕೇಳಿದಾಗ ಕೊಡಬೇಕಿತ್ತು. ಇನ್ನೊಂದು ಸಲ ಕೇಳ್ತೀಯಾ, ಆಗ ಕೊಡೋಣ ಅಂತ ಇದ್ದೆ. ನೀನು ಕೇಳಲಿಲ್ಲ. ನಾನಾಗೇ ಹೇಳೋಕೆ ನಾಚಿಕೆ. ಕಾಗದದ ಮೇಲೆ ಆಸೆ ಇಟ್ಟು ಮನುಷ್ಯರನ್ನ ಮರೆತೆ. ಇವೆಲ್ಲ ಏನು? ನಾಳೆ ಒಲೆಗೆ ಹಾಕಿದರೂ ಪ್ರಪಂಚಕ್ಕೆ ನಷ್ಟ ಇಲ್ಲ." ಅಣ್ಣ ಕೈ ಚಾಚಿ ತಮ್ಮನ ಮಣಿಕಟ್ಟು ಹಿಡಿದುಕೊಂಡ. ಆ ಹಿಡಿತದಲ್ಲಿ ಬಲವೇ ಇರಲಿಲ್ಲ. "ಏನಾದರೂ ಅನ್ನೋ. ಬೈದುಬಿಡು."

ಸಾಯುವವರು ಎಲ್ಲವನ್ನೂ ಕಸ ಎನ್ನುತ್ತಾರೆ ಎಂದು ತಮ್ಮ ಅಂದುಕೊಂಡ. ಆದರೂ ಆ ದಿನ ಅಡುಗೆಮನೆಯಲ್ಲಿ ಔಷಧಿಯ ಲೋಟದ ಮುಂದೆ ಅವನು ಬಹಳ ಹೊತ್ತು ನಿಂತ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ದೇವರು ಆ ಬೆಳಗ್ಗೆ ಅವನಿಗೆ ಒಂದು ಬಾಗಿಲು ತೆರೆದು ಹಿಡಿದಿದ್ದ. ಅವನಿಗೆ ಅದು ಕಾಣಲಿಲ್ಲ ಎನ್ನುವಂತಿಲ್ಲ. ಕಂಡಿತು. ಹದಿನಾಲ್ಕು ತಿಂಗಳ ಕೆಮ್ಮು ಆ ಗೋಡೆಯ ಆಚೆಯಿಂದ ಮತ್ತೆ ಕೇಳಿದಂತಾಯಿತು. ಇನ್ನೊಂದು ಸಲ ಕೇಳಿದ್ದರೆ ಕೊಡುತ್ತಿದ್ದೆ ಎಂಬ ಮಾತು ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಆ ಮಾತು ನಿಜವಾದರೆ ತಪ್ಪಿನ ಅರ್ಧ ತನ್ನ ಕಡೆ ಬರುತ್ತದೆ. ಅವನು ಅಳೆದು, ಕಲಸಿ, ಲೋಟವನ್ನು ಒಳಗೆ ತೆಗೆದುಕೊಂಡು ಹೋದ.

"ನಿನ್ನ ಕೈ..." ಎಂದ ಅಣ್ಣ. ಪೂರ್ತಿ ಹೇಳಲು ಉಸಿರು ಸಾಲದೆ ಮುಗುಳ್ನಕ್ಕು ಕುಡಿದ.

ನಾಲ್ಕು ದಿನದ ಮೇಲೆ, ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ಹಸಿರು ಬೆನ್ನಿನ ಮೀನಿನ ಕೆಳಗೆ ಅಣ್ಣ ತೀರಿಕೊಂಡ.

ಸೀಸೆಯನ್ನೂ ಔಷಧಿಯ ಬಾಟಲಿಯನ್ನೂ ತಮ್ಮ ಆಗಲೇ ತೊಳೆದು, ಒಡೆದು, ದೂರದ ಬೇರೆ ಬೇರೆ ಕಸದ ತೊಟ್ಟಿಗಳಿಗೆ ಹಾಕಿ ಬಂದಿದ್ದ. ಅದೇ ಔಷಧಿಯ ಹೊಸ ಬಾಟಲಿ, ಕಾಲುಭಾಗ ಚೆಲ್ಲಿ ಖಾಲಿ ಮಾಡಿದ್ದು, ಅದರ ಜಾಗದಲ್ಲಿತ್ತು. ಡಾಕ್ಟರು ಬಂದು ನಾಡಿ ನೋಡಿ, ಕಣ್ಣಿನ ರೆಪ್ಪೆ ಮುಚ್ಚಿ, ಮೇಜಿನ ಹತ್ತಿರ ಕುಳಿತು ಪೆನ್ನು ತೆಗೆದರು. "ಹುಣ್ಣು ಒಡೆದಿರಬೇಕು. ವಯಸ್ಸೂ ಆಗಿತ್ತು. ಸಮಾಧಾನ ಮಾಡ್ಕೊಳ್ಳಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನು ಇಷ್ಟೆಲ್ಲ ಮಾಡಿದ್ದು ಹುಣ್ಣಿಗಾಗಿ ಅಲ್ಲ. ಮೀನುಗಳು ಗೋಡೆಯ ಮೇಲೆ ಏನೂ ಆಗದಂತೆ ಎಡಕ್ಕೆ ನೋಡುತ್ತಿದ್ದವು.

"ಡಾಕ್ಟ್ರೇ," ಎಂದ, ದನಿ ನಡುಗಿಸಿ. ನಡುಗಿಸುವುದು ಕಷ್ಟವಾಗಲಿಲ್ಲ. "ಹಾಗೇ ಬರೆದುಕೊಡಬೇಡಿ. ನಾನು ನಿಮಗೆ ಮೊದಲೇ ಹೇಳಿರಲಿಲ್ಲವಾ? ಆ ಬಣ್ಣ? ಪರೀಕ್ಷೆ ಆಗಲಿ. ನನ್ನಣ್ಣ ಯಾತರಿಂದ ಹೋದ ಅಂತ ನನಗೆ ಗೊತ್ತಾಗಬೇಕು."

ಡಾಕ್ಟರ ಮುಖ ಬಿಳುಚಿತು. ಪೆನ್ನಿನ ಮುಚ್ಚಳ ಹಾಕಿದರು.

ಎಲ್ಲವೂ ಅವನು ಬರೆದಿಟ್ಟ ಹಾಗೆಯೇ ನಡೆಯಿತು. ಹತ್ತು ದಿನಕ್ಕೆ ವರದಿ ಬಂತು, ಪಾಷಾಣ. ಒಬ್ಬ ಪೊಲೀಸ್ ಅಧಿಕಾರಿ ಬಂದಳು. ನಡುವಯಸ್ಸಿನ ಹೆಂಗಸು, ಮೆತ್ತಗಿನ ಮಾತು, ಕೈಯಲ್ಲಿ ಒಂದು ಸಣ್ಣ ಪುಸ್ತಕ. ಅವಳು ಕೇಳುವ ಮೊದಲೇ ಅವನು ಹೇಳಲಿಲ್ಲ. ಕೇಳಿದ ಮೇಲೂ ತಡವರಿಸಿ ಹೇಳಿದ. ಪತ್ರಿಕೆಯ ತುಂಡು ಡಾಕ್ಟರ ಬಳಿ ಇತ್ತು. ಪಕ್ಕದ ಮನೆಯಾಕೆ ತಾನು ಕೇಳಿದ್ದನ್ನು ಒಂದಕ್ಕೆ ಎರಡು ಸೇರಿಸಿ ಹೇಳಿದಳು. ಅಧಿಕಾರಿ ಔಷಧಿಯ ಬಾಟಲಿ, ಅಡುಗೆಮನೆಯ ಡಬ್ಬಗಳು, ಅಣ್ಣನ ಕುಂಚ, ಎಲ್ಲವನ್ನೂ ಚೀಟಿ ಅಂಟಿಸಿ ತೆಗೆದುಕೊಂಡಳು. ಕೊನೆಗೆ ಇಬ್ಬರು ಪೇದೆಗಳು ಕೈಗವಸು ಹಾಕಿಕೊಂಡು ಗೋಡೆಯಿಂದ ಹಸಿರಿರುವ ಮೀನುಗಳನ್ನೆಲ್ಲ ಕೆಳಗಿಳಿಸಿದರು. ಬಟ್ಟೆಯಲ್ಲಿ ಮುಖ ಮುಚ್ಚಿ ಅವುಗಳನ್ನು ಹೊತ್ತೊಯ್ಯುವಾಗ ಅವನು ಬಾಗಿಲ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಅವನ ಎದೆಯಲ್ಲಿ ಬಹಳ ಕಾಲದಿಂದ ಕಟ್ಟಿದ್ದ ಏನೋ ಒಂದು ಸಡಿಲವಾಯಿತು.

ಮಾರನೆಯ ದಿನವೇ ಉಳಿದ ಮೀನುಗಳನ್ನು ಹಿಂದಿನ ಕೋಣೆಗೆ ಹಾಕಿಸಿ, ಸುಣ್ಣದವನನ್ನು ಕರೆಸಿದ. ಗೋಡೆಯ ಮೇಲೆ ಚೌಕಟ್ಟುಗಳಿದ್ದಲ್ಲಿ ಮಾತ್ರ ಹಳೆಯ ಬಿಳುಪು ಉಳಿದಿತ್ತು. ಅದರ ಮೇಲೆ ಹೊಸ ಬಿಳುಪು ಬಂತು. ಹಿಂದಿನ ಕೋಣೆಯಿಂದ ಅವಳ ಮಂಚವನ್ನು ತಂದು ಕಿಟಕಿಯ ಕೆಳಗೆ ಹಾಕಿ, ಒಗೆದ ಹೊದಿಕೆ ಹಾಸಿದ. ಬಿಸಿಲು ಬಂದು ಅದರ ಮೇಲೆ ಮಲಗಿತು. ಅವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದಿನವೂ ಮಧ್ಯಾಹ್ನದವರೆಗೆ ಕೂರುತ್ತಿದ್ದ. ಸಮಾಧಾನ ಬರುತ್ತದೆ ಎಂದು ಕಾಯುತ್ತಿದ್ದ.

ಒಂದು ಬೆಳಗ್ಗೆ ಅವನು ಹಾಗೆ ಕೂತಿದ್ದಾಗ ಅಧಿಕಾರಿ ಮತ್ತೆ ಬಂದಳು. ಅವಳ ಹಿಂದೆ ಚೌಕಟ್ಟಿನವನು, ಹಸಿರು ಬೆನ್ನಿನ ಮೀನನ್ನು ಎರಡೂ ಬರಿಗೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು.

"ನೀವು ಬಹಳ ವರ್ಷ ಪ್ರಯೋಗಶಾಲೆಯಲ್ಲಿದ್ರಂತೆ," ಎಂದಳು ಅಧಿಕಾರಿ, ಮಂಚದ ಕಡೆಗೂ ಹೊಸ ಸುಣ್ಣದ ಕಡೆಗೂ ನೋಡುತ್ತ.

"ಮೂವತ್ತೈದು ವರ್ಷ."

"ಡಾಕ್ಟ್ರು ಹುಣ್ಣು ಅಂತ ಬರೆಯೋಕೆ ಪೆನ್ನು ತೆಗೆದಿದ್ರಂತೆ. ಪಾಷಾಣ ಅನ್ನೋ ಮಾತು ಈ ಬೀದಿಯಲ್ಲಿ ಮೊದಲು ಆಡಿದೋರು ನೀವು. ನಿಮ್ಮಣ್ಣ ಹುಷಾರಾಗಿದ್ದಾಗಲೇ ಆಡಿದ್ರಿ. ವರದಿ ಬಂದಾಗ ನಿಮ್ಮ ಮಾತೇ ನಿಜ ಆಯ್ತು. ಅದಕ್ಕೇ ನಾವು ಈ ಮೀನುಗಳನ್ನ ಪರೀಕ್ಷೆಗೆ ಕಳಿಸಿದ್ದು."

"ಹೇಳಿದೆ, ಕೇಳಲಿಲ್ಲ. ಏನು ಮಾಡಲಿ ತಾಯಿ."

ಚೌಕಟ್ಟಿನವನು ಅವನ ಮುಖ ನೋಡಲಾರದೆ ನೆಲ ನೋಡಿದ. "ನೀವು ಅವತ್ತು ಅಂಗಡಿಗೆ ಬಂದು ಹೇಳಿದಾಗ ತಮಾಷೆ ಅಂದ್ಕೊಂಡೆ ಸಾರ್. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಚಿತ್ರ ನೋಡೋಕೆ ಬಂದೋರಿಗೆಲ್ಲ ಗೊತ್ತಿತ್ತಲ್ಲ. ನಿಮ್ಮ ಮನೆಯೋರಿಗೂ ಗೊತ್ತಿತ್ತು. ಮೇಷ್ಟ್ರು ಆ ಗಾಜು ಕೊಟ್ಟು ತೋರಿಸ್ತಿದ್ರು."

"ಏನು ಗೊತ್ತಿತ್ತು?" ಎಂದ ಅವನು.

ಅಧಿಕಾರಿ ಚೌಕಟ್ಟನ್ನು ಮಂಚದ ಮೇಲೆ, ಬಿಸಿಲಿನಲ್ಲಿ ಇಡಿಸಿದಳು. ಚೌಕಟ್ಟಿನವನು ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಬಿಡಿಸಿ, ಗಾಜನ್ನೂ ರಟ್ಟಿನ ಅಂಚನ್ನೂ ತೆಗೆದು ಪಕ್ಕಕ್ಕಿಟ್ಟ. ಅಂಚು ಮುಚ್ಚಿಕೊಂಡಿದ್ದ ಜಾಗದಲ್ಲಿ, ಕಾಗದದ ತಳದಲ್ಲಿ, ಇರುವೆಯ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಮುದ್ರಣಾಲಯದ ವಿಳಾಸವೂ ಇಸವಿಯೂ ಇದ್ದವು. ಇಸವಿ ಹನ್ನೊಂದು ವರ್ಷದ ಹಿಂದಿನದು. ಅಧಿಕಾರಿ ಮೇಜಿನ ಮೇಲಿದ್ದ ಅಣ್ಣನ ಭೂತಗನ್ನಡಿಯನ್ನು ತೆಗೆದು ಅವನ ಕೈಗಿತ್ತಳು. ಅವನು ಬಗ್ಗಿದ. ಅಳತೆ ತಪ್ಪದ ಅವನ ಕೈ ಗಾಜನ್ನು ಸರಿಯಾದ ದೂರಕ್ಕೆ ತಂದು ನಿಲ್ಲಿಸಿತು. ಇಷ್ಟು ದಿನ ಹೊಸ್ತಿಲಲ್ಲಿ ನಿಂತು ದ್ವೇಷಿಸಿದ ಆ ಮೀನನ್ನು ಅವನು ಹತ್ತಿರದಿಂದ ನೋಡಿದ. ಅದರ ಬೆನ್ನಿನ ಮೇಲೆ ಎಲ್ಲಿಯೂ ಹಸಿರು ಇರಲಿಲ್ಲ. ಇದ್ದದ್ದು ಅಚ್ಚಿನ ಯಂತ್ರ ಒತ್ತಿದ ಸಣ್ಣ ಸಣ್ಣ ಚುಕ್ಕೆಗಳು, ಸಾವಿರ ಸಾವಿರ, ಸಾಲಾಗಿ, ಒಂದರ ಪಕ್ಕದಲ್ಲಿ ಒಂದು: ನೀಲಿ, ಹಳದಿ, ನೀಲಿ, ಹಳದಿ.